ಕೆಂಪು ದಾರ

ಕಂಪ್ಯೂಟರಿನ ಮುಂದೆ ಕುಳಿತಾಗ ಚಾಚಾ ಅವರ ಬಲಗೈ ತೋರುಬೆರಳು, ಕೋಳಿ ಕಾಳು ಹೆಕ್ಕಿದಂತೆ, ಒಂದೇ ಗುಂಡಿಯನ್ನು ಟಕಟಕ ಕುಟ್ಟುತ್ತಿತ್ತು. ಆ ಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ರೇಡಿಯೊ ರಿಪೇರಿ ಮಾಡುತ್ತಿದ್ದ ಕಾಲದಲ್ಲಿ ಬೆಸುಗೆ ಹಾಕುವ ಕಾದ ಕಡ್ಡಿ ತಗುಲಿ ಸುಟ್ಟಿತ್ತಂತೆ. ಉಳಿದ ಅರ್ಧ ಉಗುರು ಗುಂಡಿಗೆ ತಾಗುವ ಸದ್ದೇ ಬೇರೆ. ನಾನು ಪಕ್ಕದ ಕೋಣೆಯಲ್ಲಿ ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದರೂ ಆ ಸದ್ದು ಕೇಳಿ, ಇವತ್ತು ಗುರುವಾರ, ಚಾಚಾ ಬಂದರು ಎಂದುಕೊಳ್ಳುತ್ತಿದ್ದೆ.

ನಾನಾಗ ಮುಂಡರಗಿ ತಾಲೂಕಿನ ಹೊಳೆದಂಡೆಯ ಒಂದು ಊರಿನ ಶಾಲೆಯಲ್ಲಿ ಹಂಗಾಮಿ ಗುಮಾಸ್ತೆ. ಗದಗ ಬೇರೆ ಜಿಲ್ಲೆಯಾಗಿ ಹದಿನೈದು ವರ್ಷ ಆಗಿರಬೇಕು. ಜಿಲ್ಲೆಯ ಕಚೇರಿಗಳಿಗೆ ಹೊಸ ಕಂಪ್ಯೂಟರ್ ಬಂದಂತೆ ಹಳೆಯವು ಶಾಲೆಗಳಿಗೆ ದಾಟುತ್ತಿದ್ದವು. ಹಾಗೆ ನಮಗೆ ಏಳು ಬಂದವು. ಒಂದರಂತೆ ಇನ್ನೊಂದಿರಲಿಲ್ಲ, ಒಂದೂ ನೆಟ್ಟಗೆ ಏಳುತ್ತಿರಲಿಲ್ಲ. ಅವನ್ನು ಎಬ್ಬಿಸಲು ಚಾಚಾ ಲಕ್ಷ್ಮೇಶ್ವರದಿಂದ ಶಿರಹಟ್ಟಿ, ಬೆಳ್ಳಟ್ಟಿ ದಾಟಿಕೊಂಡು ವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಉಳಿದ ದಿನಗಳಲ್ಲಿ ಆ ದಾರಿಯ ಬೇರೆ ಶಾಲೆಗಳು, ಬೆಟಗೇರಿಯ ಒಂದೆರಡು ಅಂಗಡಿಗಳು.

ಅವರ ಕೊರಳಲ್ಲಿ ಯಾವಾಗಲೂ ಎರಡು ಪೆನ್ ಡ್ರೈವ್ ಜೋತಾಡುತ್ತಿದ್ದವು, ಒಂದಕ್ಕೆ ಕರಿ ದಾರ, ಇನ್ನೊಂದಕ್ಕೆ ಕೆಂಪು ದಾರ. ಕರಿ ದಾರದ್ದು ಎಬ್ಬಿಸುವುದು. ಕಂಪ್ಯೂಟರಿನ ಸ್ವಂತ ಡಿಸ್ಕು ಕೆಟ್ಟು ಕುಳಿತಿದ್ದರೂ ಇದನ್ನು ಸಿಕ್ಕಿಸಿದರೆ ಯಂತ್ರ ಕಣ್ಣು ಬಿಡುತ್ತಿತ್ತು, ಒಳಗಿದ್ದ ಕಡತಗಳೆಲ್ಲ ಕಾಣುತ್ತಿದ್ದವು. ಕೆಂಪು ದಾರದ್ದು ಹೊಸದು ಮಾಡುವುದು. ಅದು ಹಳೆಯದನ್ನೆಲ್ಲ ಅಳಿಸಿ, ಯಾರನ್ನೂ ಒಂದು ಮಾತು ಕೇಳದೆ, ಮೊದಲಿನಿಂದ ಎಲ್ಲವನ್ನೂ ತುಂಬುತ್ತಿತ್ತು. ಏಳೂ ಯಂತ್ರಗಳ ಮುಂದೆ ಕುಳಿತು ಹೂಂ ಹೂಂ ಅನ್ನುವಷ್ಟರಲ್ಲಿ ಸಂಜೆಯ ಬಸ್ಸು ತಪ್ಪುತ್ತದೆಂದು ಚಾಚಾ ಅದನ್ನು ಹಾಗೆ ತಯಾರು ಮಾಡಿಟ್ಟುಕೊಂಡಿದ್ದರು.

"ದಾರ ಯಾಕ ಕಟ್ಟೀನಿ ಗೊತ್ತೈತೇನು ತಂಗಿ?" ಎಂದು ಒಮ್ಮೆ ಕೇಳಿದರು.

"ಕಳೀಬಾರ್ದು ಅಂತ."

"ಅಲ್ಲ. ಮರೀಬಾರ್ದು ಅಂತ. ಹೊರಗ ಜೋತಾಡಿದ್ರ ಕಣ್ಣಿಗೆ ಬೀಳ್ತೈತಿ. ಕೆಲಸ ಮುಗೀತಂದ್ರ ಮೊದಲು ಇದನ್ನ ಹಿಡದು ಎಳೀಬೇಕು."

ನನಗೆ ಆ ಕೆಲಸ ಕಲಿಸಿದವರು ಅವರೇ. ಯಂತ್ರ ಪೂರ್ತಿ ಎಚ್ಚರವಾಗುವ ಮೊದಲು, ಸರಿಯಾದ ಗುಂಡಿ ಕುಟ್ಟಿದರೆ, ಒಂದು ನೀಲಿ ಪುಟ ತೆರೆಯುತ್ತದೆ. ಅದಕ್ಕೆ ಬಯಾಸ್ ಅನ್ನುತ್ತಾರೆ. ಮೊದಲು ಯಾವುದನ್ನು ನೋಡಬೇಕು, ತನ್ನ ಡಿಸ್ಕನ್ನೋ ಸಿಕ್ಕಿಸಿದ ಪೆನ್ ಡ್ರೈವನ್ನೋ ಎಂದು ಯಂತ್ರಕ್ಕೆ ಹೇಳುವುದು ಅಲ್ಲಿ. ಎರಡಕ್ಕೆ ಎಫ್ ಎರಡು, ಎರಡಕ್ಕೆ ಎಫ್ ಹನ್ನೆರಡು, ಮೂರಕ್ಕೆ ಡಿಲೀಟ್. ನಾನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಂಡಿದ್ದೆ. ಚಾಚಾ ನಗುತ್ತಿದ್ದರು. "ಬರೀತಿ ಯಾಕ? ಮನಿ ಮಂದಿ ಇದ್ದಂಗ ಇವು. ಒಬ್ರು ಹೆಸರು ಕರದ್ರ ಏಳ್ತಾರ, ಒಬ್ರನ್ನ ಹೊದಿಕಿ ಎಳದು ಎಬ್ಬಸಬೇಕು."

ನೀಲಿ ಪುಟ ತೆರೆದೊಡನೆ ಅವರು ನೋಡುತ್ತಿದ್ದದ್ದು ತಾರೀಖು. ಒಳಗಿನ ಸಣ್ಣ ಸೆಲ್ಲು ಸತ್ತಿದ್ದರೆ ಯಂತ್ರ ಯಾವುದೋ ಹಳೆಯ ವರ್ಷಕ್ಕೆ ಹೋಗಿ ಕುಳಿತಿರುತ್ತದೆ. "ಇವತ್ತು ಎಷ್ಟನೇ ತಾರೀಖು ತಂಗಿ?" ಎಂದು ಕೇಳಿ, ನಾನು ಹೇಳಿದ ಮೇಲೆಯೇ ತಿದ್ದುತ್ತಿದ್ದರು. ಅವರಿಗೆ ಗೊತ್ತಿರುತ್ತಿತ್ತು. ಆದರೂ ಕೇಳುತ್ತಿದ್ದರು.

ಆಫೀಸಿನ ಕಂಪ್ಯೂಟರಿನ ಚಾಲೂ ಗುಂಡಿ ಮುರಿದಿತ್ತು. ದಿನಾ ಎರಡು ವೈರು ತಾಗಿಸಿ ಚಾಲೂ ಮಾಡಲು ನನಗೆ ಹೆದರಿಕೆ. ಅದಕ್ಕೂ ನೀಲಿ ಪುಟದಲ್ಲಿ ಒಂದು ದಾರಿ ಇತ್ತು: ಕರೆಂಟು ಬಂದ ಕೂಡಲೇ ಯಂತ್ರ ತಾನಾಗಿ ಶುರುವಾಗುವಂತೆ ಚಾಚಾ ಮಾಡಿಕೊಟ್ಟರು. ಗೋಡೆಯ ಸ್ವಿಚ್ ಒತ್ತಿದರೆ ಸಾಕು. "ಈಗ ನಿನಗ ಹೆದರಿಕಿ ಇಲ್ಲ," ಎಂದರು.

ಆ ಕಂಪ್ಯೂಟರಿನಲ್ಲಿ ನಮ್ಮ ಎರಡು ವರ್ಷದ ಕೆಲಸವಿತ್ತು. ಶಾಲೆಯ ಹಳೆಯ ದಾಖಲಾತಿ ರಜಿಸ್ಟರುಗಳು ಸುಟ್ಟ ಹಪ್ಪಳದಂತೆ ಉದುರುತ್ತಿದ್ದವು. ಊರಿನವರು ಹುಟ್ಟಿದ ತಾರೀಖಿಗೆ, ಜಾತಿಯ ಕಾಗದಕ್ಕೆ, ಎಲ್ಲದಕ್ಕೂ ಆ ರಜಿಸ್ಟರಿನ ನಕಲು ಕೇಳಿಕೊಂಡು ಬರುತ್ತಿದ್ದರು. ಪುಟ ಪುಟವನ್ನೂ ಫೋಟೊ ತೆಗೆದು ಇಡೋಣ ಎಂದವರು ಚಾಚಾ. ನಾನು ಪುಟ ಹಿಡಿಯುತ್ತಿದ್ದೆ, ಅವರು ತೆಗೆಯುತ್ತಿದ್ದರು.

ಒಂದು ದಿನ ಅವರ ಕೈ ನಿಂತಿತು. "ನೋಡಿಲ್ಲಿ. ಇದರಾಗ ನಾನದೀನಿ."

ಅವರ ತಾಯಿಯ ತವರು ಇದೇ ಊರು. ನಾಲ್ಕನೆಯ ಇಯತ್ತೆಯ ತನಕ ಅಜ್ಜಿಯ ಮನೆಯಲ್ಲಿದ್ದು ಓದಿದ್ದರು. ಆ ಪುಟದಲ್ಲಿ ಅವರ ಮೇಲಿನ ಮತ್ತು ಕೆಳಗಿನ ಹುಡುಗರೆಲ್ಲ ಜೂನ್ ಒಂದರಂದು ಹುಟ್ಟಿದ್ದರು. ತಾರೀಖು ಗೊತ್ತಿಲ್ಲದವರಿಗೆಲ್ಲ ಮಾಸ್ತರರು ಅದನ್ನೇ ಬರೆಯುತ್ತಿದ್ದ ಕಾಲ. ಚಾಚಾ ಅವರ ಹೆಸರಿನ ಮುಂದೆ ಮಾತ್ರ ಬೇರೆ ತಾರೀಖಿತ್ತು. ಅಜ್ಜಿ ಹಟ ಹಿಡಿದು, ಹೊಳಿ ನೀರು ದರ್ಗಾದ ಮೆಟ್ಟಿಲಿಗೆ ಬಂದ ದಿನ ಹುಟ್ಟ್ಯಾನ ನನ್ನ ಮೊಮ್ಮಗ ಎಂದು ಮಾಸ್ತರರ ಕೈಯಿಂದ ಲೆಕ್ಕ ಹಾಕಿಸಿ ಬರೆಸಿದ್ದಳಂತೆ. ಅವರು ಆ ಸಾಲಿನ ಮೇಲೆ ಬೆರಳಿಟ್ಟು ವರ್ಷ ಎಣಿಸಿದರು.

"ನಾ ಇಷ್ಟು ದಿನ ಎರಡು ವರ್ಷ ದೊಡ್ಡಾಂವ ಅಂತ ತಿರಗ್ಯಾಡೇನಿ ನೋಡು. ಸುಮ್ನ ಮುದುಕ ಆಗಿದ್ದೆ."

"ಒಂದು ಚೀಟಿ ಮ್ಯಾಲೆ ಬರಕೊಡ್ಲೇನ್ರಿ ಚಾಚಾ?"

"ಬ್ಯಾಡ ಬಿಡು. ಯಂತ್ರದಾಗ ಐತೆಲ್ಲ. ಎಲ್ಲಿ ಹೋಗತೈತಿ?"

ಅದರ ಮರುವರ್ಷದ ಮಳೆಗಾಲದಲ್ಲಿ ರಜಿಸ್ಟರುಗಳಿದ್ದ ಕಪಾಟನ್ನು ಗೆದ್ದಲು ಮುಗಿಸಿತು. ಫೋಟೊಗಳಿವೆಯಲ್ಲ ಎಂದು ಯಾರೂ ಬಹಳ ಮರುಗಲಿಲ್ಲ. ಸ್ವಲ್ಪ ದಿನಕ್ಕೆ ಆಫೀಸಿನ ಕಂಪ್ಯೂಟರ್ ಏಳುವುದನ್ನು ನಿಲ್ಲಿಸಿತು. ಗುರುವಾರ ಚಾಚಾ ಬಂದು, ಮೊದಲು ಪೆನ್ ಡ್ರೈವನ್ನೇ ನೋಡು ಎಂದು ನೀಲಿ ಪುಟದಲ್ಲಿ ತಿದ್ದಿ, ಕರಿ ದಾರದ್ದನ್ನು ಸಿಕ್ಕಿಸಿ ಎಬ್ಬಿಸಿದರು. ಫೋಟೊಗಳೆಲ್ಲ ಇದ್ದವು.

"ಡಿಸ್ಕು ಸೋತೈತಿ. ಮುಂದಿನ ಗುರುವಾರ ಹೊಸಾದು ತಂದು ಎಲ್ಲಾ ಇಳಿಸ್ಕೊಳ್ತೀನಿ. ಅಲ್ಲೀತನಕ ಇದನ್ನ ಮುಟ್ಟಬ್ಯಾಡ. ಸೆಟ್ಟಿಂಗ್ ಹಿಂಗ ಇರ್ಲಿ, ನಾನ ಬಂದು ತಿರುಗಿ ಇಡ್ತೀನಿ."

ಮಕ್ಕಳ ಕೋಣೆಯ ಮೂರು ಕಂಪ್ಯೂಟರ್ ಹೊಸದು ಮಾಡುವುದಿತ್ತು. ಅದಕ್ಕೆಂದು ಕೆಂಪು ದಾರದ್ದನ್ನು ನನ್ನ ಕೈಯಲ್ಲಿಟ್ಟು ಹೋದರು. ಶನಿವಾರ ಮುಂಜಾನೆಯ ಶಾಲೆ. ಮೂರೂ ಮುಗಿಯುವಷ್ಟರಲ್ಲಿ ಹನ್ನೊಂದಕ್ಕೆ ಕರೆಂಟು ಹೋಯಿತು. ನನ್ನ ಚೀಲದ ಹೊಲಿಗೆ ಬಿಟ್ಟಿತ್ತು, ಮೇಜಿನ ಖಾನೆಗೆ ಕೀಲಿ ಇರಲಿಲ್ಲ. ಹೊಲಿದಾದ ಮೇಲೆ ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಡುವುದು ನನ್ನ ರೂಢಿ. ಹಾಗಿಟ್ಟ ಸೂಜಿ ಎಂದೂ ಕಳೆದಿಲ್ಲ. ಹಾಗೆಯೇ, ಚಾಚಾ ಅವರ ಸಾಮಾನು ಜೋಪಾನವಾಗಿರಲಿ ಎಂದು, ಆರಿಹೋಗಿ ಕುಳಿತಿದ್ದ ಆಫೀಸಿನ ಕಂಪ್ಯೂಟರಿಗೆ ಅದನ್ನು ಸಿಕ್ಕಿಸಿಟ್ಟೆ. ಕೆಂಪು ದಾರ ಹೊರಗೆ ಜೋತಾಡುತ್ತಿತ್ತು. ಗೋಡೆಯ ಸ್ವಿಚ್ ಆರಿಸಿರಲಿಲ್ಲ. ಬಾಗಿಲಿಗೆ ಕೀಲಿ ಹಾಕಿ, ಎರಡು ಸಲ ಜಗ್ಗಿ ನೋಡಿ ಮನೆಗೆ ಹೋದೆ.

ಸೋಮವಾರ ಬಾಗಿಲು ತೆರೆದಾಗ ಪರದೆ ಬೆಳಗುತ್ತಿತ್ತು. ಹೊಚ್ಚ ಹೊಸ ಪರದೆ. ಮೂಲೆಯಲ್ಲಿ ಕಸದ ಬುಟ್ಟಿಯ ಚಿತ್ರವೊಂದನ್ನು ಬಿಟ್ಟರೆ ಏನೂ ಇರಲಿಲ್ಲ.

ಫೋನ್ ಮಾಡಿದೆ. "ಚಾಚಾ, ಆಫೀಸಿಂದು ತಾನ ಚಾಲೂ ಆಗೈತ್ರಿ. ಪೂರ್ತಿ ಹೊಸಾದು ಕಾಣಾಕತ್ತೈತಿ."

ಆ ಕಡೆ ಬಸ್ ನಿಲ್ದಾಣದ ಗದ್ದಲ. ಅದರ ನಡುವೆ ಅವರು ಮೆಲ್ಲಗೆ ಕೇಳಿದರು. "ಕೆಂಪು ದಾರ ಎಲ್ಲೈತಿ?"

"ಅದರಾಗನ ಐತ್ರಿ."

"ಸ್ವಿಚ್ ಆರಿಸು. ಬರಾಕತ್ತೀನಿ."

ಮಧ್ಯಾಹ್ನ ಒಂದರ ಬಸ್ಸಿಗೆ ಬಂದರು. ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಅವರು ನೀರು ಮುಟ್ಟಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ದಾರ ಹಿಡಿದು ಎಳೆದು ಅಂಗಿಯ ಕಿಸೆಗೆ ಹಾಕಿಕೊಂಡರು. ಅಷ್ಟರಲ್ಲಿ ಹೆಡ್ ಮಾಸ್ತರರು ಬಂದರು.

"ಏನಾತ್ರಿ ಸಾಬ್ರ?"

"ನನ್ನ ಕೈಲೆ ತಪ್ಪಾಗೈತ್ರಿ ಸರ್. ಹೋದ ಗುರುವಾರ ಅಳಿಸೂ ಪೆನ್ ಡ್ರೈವ್ ಇದರಾಗನ ಮರತು ಹೋಗಿದ್ದೆ. ಕರೆಂಟು ಬಂದ ಕೂಡ್ಲೆ ತಾನ ಅಳಿಸಿಬಿಟ್ಟೈತಿ."

"ರಜಿಸ್ಟರಿನ ಫೋಟೋ?"

"ಹೋಗ್ಯಾವ್ರಿ."

ಹೆಡ್ ಮಾಸ್ತರರು ಕುರ್ಚಿಯ ಮೇಲೆ ಕುಸಿದರು. "ಹುಡುಗರಿಗೆ ಹತ್ತು ಸಲ ಹೇಳ್ತೀರಿ, ತೆಗೀರಿ ತೆಗೀರಿ ಅಂತ. ನೀವ ಮರತ್ರ ಹೆಂಗ್ರಿ?"

ಚಾಚಾ ಬಗ್ಗಿ ಡಿಸ್ಕಿನ ತಿರುಪು ಬಿಚ್ಚತೊಡಗಿದರು. ಸಿಕ್ಕಿಸಿದವಳು ನಾನೆಂದು ನಾನು ಹೇಳಲಿಲ್ಲ. ನನ್ನ ಕೆಲಸ ಕಾಯಂ ಮಾಡುವ ಕಾಗದ ಆ ತಿಂಗಳು ಆಡಳಿತ ಮಂಡಳಿಯ ಮುಂದಿತ್ತು. ಅದು ಚಾಚಾ ಅವರಿಗೆ ಗೊತ್ತಿತ್ತು. ಸಹಿಗೆ ಹೋಗುವ ಮೊದಲು ಅದನ್ನು ಪ್ರಿಂಟ್ ತೆಗೆದುಕೊಟ್ಟವರೇ ಅವರು.

ಆ ಡಿಸ್ಕನ್ನು ಬೆಟಗೇರಿಗೆ ಒಯ್ದು, ಗೊತ್ತಿದ್ದವರ ಅಂಗಡಿಯಲ್ಲಿ ಎಷ್ಟೋ ದಿನ ಕುಳಿತು ಕೆದಕಿದರು. ಚೂರುಪಾರು ಸಿಕ್ಕಿತು. ಪುಟದ ಮೇಲಿನ ನಾಲ್ಕು ಸಾಲು, ಕೆಳಗೆಲ್ಲ ಬೂದಿ ಬಣ್ಣ. ಹೆಸರಿದ್ದಲ್ಲಿ ತಾರೀಖಿರಲಿಲ್ಲ. ಅವರ ಪುಟವಂತೂ ಸಿಗಲೇ ಇಲ್ಲ.

ಸುದ್ದಿ ಬಸ್ಸಿನಲ್ಲೇ ಊರೂರು ಹೋಯಿತು. ಒಂದು ಮುಂಜಾನೆ ಶಿರಹಟ್ಟಿ ಬಸ್ ನಿಲ್ದಾಣದಲ್ಲಿ ಹತ್ತಿದ ಮಾಸ್ತರರೊಬ್ಬರು ನನ್ನ ಹಿಂದಿನ ಸೀಟಿನಲ್ಲಿ ಕುಳಿತು ಯಾರಿಗೋ ಹೇಳುತ್ತಿದ್ದರು. "ಆ ಸಾಬ್ರನ್ನ ಮಾತ್ರ ಕರೀಬ್ಯಾಡ್ರಿ ಮಾರಾಯ್ರ. ಇಡೀ ಊರು ಹುಟ್ಟಿದ್ದನ್ನ ಅಳಿಸಿ ಕುಂತಾರ." ಇಬ್ಬರೂ ನಕ್ಕರು. ನಾನು ಬೆಳ್ಳಟ್ಟಿ ಬರುವ ತನಕ ಕಿಟಕಿಯ ಹೊರಗೆ ನೋಡುತ್ತ ಕುಳಿತೆ.

ನಮ್ಮ ಶಾಲೆ ಅವರನ್ನು ಬಿಟ್ಟಿತು. ಬೇರೆ ಶಾಲೆಗಳೂ ಒಂದೊಂದಾಗಿ ಬಿಟ್ಟವು. ನನ್ನ ಕೆಲಸ ಕಾಯಂ ಆಯಿತು. ಆರು ತಿಂಗಳ ಮೇಲೆ ಧೈರ್ಯ ಮಾಡಿ ಲಕ್ಷ್ಮೇಶ್ವರಕ್ಕೆ ಅವರ ಮನೆಗೆ ಹೋದೆ. ಬಾಗಿಲ ಮುಂದೆ ಚಾಪೆಯ ಮೇಲೆ ಕುಳಿತು ಯಾರದೋ ಮಿಕ್ಸರ್ ಬಿಚ್ಚಿಕೊಂಡಿದ್ದರು. ಕೊರಳಲ್ಲಿ ದಾರಗಳಿರಲಿಲ್ಲ.

"ಚಾಚಾ, ಅವತ್ತು ನಾನು..." ಎಂದು ಶುರು ಮಾಡಿದೆ.

"ನಿನ್ನ ಕಾಗದ ಆತೇನು?"

"ಆತ್ರಿ."

"ಹಂಗಾರ ಆತು ಬಿಡು." ಒಳಗೆ ತಿರುಗಿ ಕೂಗಿದರು. "ಏ, ಚಾ ಇಡು. ಮುಂಡರಗಿ ಕಡಿಂದ ತಂಗಿ ಬಂದಾಳ."

ಚಹಾ ಕುಡಿದು ಬಂದೆ. ಹೆಡ್ ಮಾಸ್ತರರಿಗೆ ಹೇಳುತ್ತೇನೆಂದು ಬಸ್ಸಿನಲ್ಲಿ ನಿಶ್ಚಯ ಮಾಡಿದ್ದೆ. ಅವರು ನಿವೃತ್ತರಾಗಿ ಹಾರ ಹಾಕಿಸಿಕೊಂಡು ಹೋಗುವ ತನಕವೂ ಹೇಳಲಿಲ್ಲ. ಆಫೀಸಿನ ಖಿಡಕಿಗೆ ಬಂದ ಮುದುಕರಿಗೆಲ್ಲ, ದಾಖಲೆ ಲಭ್ಯವಿಲ್ಲ ಎಂದು ಬರೆದು ಶಿಕ್ಕಾ ಒತ್ತಿ ಕೊಡುತ್ತಿದ್ದೆ. ಹಮ್ಮಿಗಿಗೆ ಹೋಗಿ ನೆಲೆಸಿದ್ದ ಒಬ್ಬ ಅಜ್ಜ ಮೂರು ಸಲ ಬಂದು, ಮೂರನೆಯ ಸಲ ಏನೂ ಕೇಳದೆ ಕಟ್ಟೆಯ ಮೇಲೆ ಕುಳಿತು ಎದ್ದುಹೋದ.

ಚಾಚಾ ತೀರಿಕೊಂಡ ಖಬರು ನನಗೆ ಎಂಟು ದಿನ ತಡವಾಗಿ ಬಂತು. ಹೋಗಲಿಲ್ಲ. ಆ ಮನೆಯಲ್ಲಿ ಕುಳಿತು ಅಳುವ ಹಕ್ಕು ನನಗಿರಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ ಒಬ್ಬ ಹೆಣ್ಣುಮಗಳು ಖಿಡಕಿಯ ಮುಂದೆ ನಿಂತಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ಫೈಲಿನ ಮೇಲಿದ್ದ ತೋರುಬೆರಳು ಥೇಟ್ ಅವರದೇ, ಉಗುರು ಮಾತ್ರ ಪೂರ್ತಿ ಇತ್ತು.

"ಅಕ್ಕಾರ, ನಮ್ಮ ಅಬ್ಬಾ ಇದ ಸಾಲ್ಯಾಗ ಓದ್ಯಾರ್ರಿ. ಅವರ ದಾಖಲಾತಿ ನಕಲು ಬೇಕಾಗಿತ್ತು. ನನ್ನ ಜಾತಿ ಕಾಗದಕ್ಕ ಕೇಳ್ಯಾರ."

ಹೆಸರು ಹೇಳಿದಳು. ಹೇಳುವ ಅಗತ್ಯವಿರಲಿಲ್ಲ.

"ಆ ವರ್ಷದ್ದು ಇಲ್ಲವ್ವಾ."

"ಗೊತ್ತಿತ್ರಿ," ಎಂದಳು. "ಅವರ ಕೈಲೇನ ಅಳಿಸಿ ಹೋಗ್ಯಾವಂತ. ಮನ್ಯಾಗ ಅವರು ಒಂದಿನಾನೂ ಆಡಿಲ್ಲ, ಹೊರಗಿನ ಮಂದಿ ಅಂತಿದ್ರು. ಆದ್ರೂ ಒಂದು ಸಲ ಕೇಳೂಣು ಅಂತ ಬಂದೆ." ದನಿ ತಗ್ಗಿಸಿ ಅಂದಳು. "ಅವರಿಂದ ನಿಮ್ಮ ಊರ ಮಂದಿಗೆಲ್ಲಾ ತ್ರಾಸ ಆತು. ಮಾಫ್ ಮಾಡ್ರಿ ಅಕ್ಕಾರ."

ಮಾತು ನನ್ನ ಬಾಯಿಯ ತನಕ ಬಂದಿತ್ತು. ಅವಳ ಹಿಂದೆ ಇನ್ನಿಬ್ಬರು ನಿಂತಿದ್ದರು. ಒಳಗೆ ಹೊಸ ಹೆಡ್ ಮಾಸ್ತರರು ಸಹಿ ಮಾಡುತ್ತಿದ್ದರು.

"ನೀರು ಕುಡೀತಿಯೇನವಾ?" ಎಂದು ಕೇಳಿದೆ.

"ಒಲ್ಲೆರಿ. ಬಸ್ಸು ಬಂದಬಿಡತೈತಿ."

ಮೇಜಿನ ಖಾನೆಯಿಂದ ನಮೂನೆ ತೆಗೆದುಕೊಂಡು ತುಂಬಲು ಕುಳಿತೆ. ವಿದ್ಯಾರ್ಥಿಯ ಹೆಸರು. ತಂದೆಯ ಹೆಸರು. ಆಮೇಲಿನ ಸಾಲು, ಜನ್ಮ ದಿನಾಂಕ. ಆ ಪುಟವನ್ನು ಎರಡೂ ಕೈಯಲ್ಲಿ ಹಿಡಿದು ನಿಂತವಳು ನಾನು. ಎಷ್ಟು ನೆನೆದರೂ ತಾರೀಖು ನೆನಪಾಗಲಿಲ್ಲ. ಅದು ಜೂನ್ ಒಂದಲ್ಲ ಎಂಬುದೊಂದೇ ಗೊತ್ತಿತ್ತು. ಅದನ್ನು ಬರೆಯಲು ಆ ನಮೂನೆಯಲ್ಲಿ ಜಾಗವಿರಲಿಲ್ಲ. ಒಂದು ಅಡ್ಡಗೆರೆ ಎಳೆದು, ಶಿಕ್ಕಾ ಒತ್ತಿ, ಖಿಡಕಿಯಿಂದ ಆಚೆ ಕೊಟ್ಟೆ.