ಹುಡಗಿ ಊರಿನ ಹೊಲದಲ್ಲಿ ನೀರಾದ ಅಂಬಲಿ

ಮದುವೆಯಾಗಿ ಮಂಡ್ಯದಿಂದ ಹುಮನಾಬಾದಿಗೆ ಬಂದ ವಾರದಲ್ಲೇ, ನಾನು ತಂದಿದ್ದ ರಾಗಿಹಿಟ್ಟನ್ನು ಅತ್ತೆ ಮೂಸಿ ನೋಡಿ, "ಇದು ಕೂಸಿಗಿ ತಿನ್ಸೋದಲ್ಲೇನವಾ? ನಿಮ್ಮ ಕಡಿ ದೊಡ್ಡವ್ರೂ ತಿಂತಾರ?" ಎಂದರು. ಅಯ್ಯೋ ಶಿವನೇ! ಅದೇ ರಾಜ್ಯ, ಅದೇ ಕನ್ನಡ, ನಾನು ಮಾತ್ರ ಪರದೇಶಿ.

ನಮ್ಮಲ್ಲಿ, ನಿಮಗೆ ಗೊತ್ತೇ ಇದೆ, ಅಂಬಲಿ ಎಂದರೆ ರಾಗಿಯದು. ನೀರಿಗೆಷ್ಟು ಹಿಟ್ಟು ಎಂದು ಕೈಗೇ ತಿಳಿದಿರುತ್ತದೆ. ಇಲ್ಲಿಯದು ಜೋಳದ ಗಂಜಿಗೆ ಬೆಳ್ಳುಳ್ಳಿ, ಓಮ ಅರೆದು ಹಾಕಿದ ಮಜ್ಜಿಗೆ ಬೆರೆಸಿದ್ದು. ಎಳ್ಳಮಾವಾಸ್ಯೆಯಂದು ಭಜ್ಜಿ ಎಂಬ ಕಾಳು-ಸೊಪ್ಪಿನ ಪಲ್ಯದ ಜೊತೆ ಅದನ್ನು ಮಡಕೆಯಲ್ಲಿ ಹೊಲಕ್ಕೆ ಒಯ್ದು, ದಾರಿಹೋಕರನ್ನೂ ಕರೆದು ಕುಡಿಸಬೇಕು. ಬೆರೆಸುವ ಹಕ್ಕು ಹಿರಿಸೊಸೆಯದು. ಆ ವರ್ಷ ಅತ್ತೆ, "ಈ ಸಲ ಸಣ್ಣಾಕಿ ಮಾಡ್ಲಿ, ನಮ್ಮಾಕಿ ಆಗ್ಲಿ" ಎಂದುಬಿಟ್ಟರು. ನನಗೆ ಹಿಗ್ಗೋ ಹಿಗ್ಗು.

ಅಳತೆ ಕೇಳಿದ್ದು ನೆಗೆಣ್ಣಿಯನ್ನು, ಅಂದರೆ ಗಂಡನ ಅಣ್ಣನ ಹೆಂಡತಿಯನ್ನು. ಬಸವಕಲ್ಯಾಣದವಳು. ನನಗೆ ಇಲ್ಲಿಯ ಮಾತು ಕಲಿಸಿದವಳು, ಅಮ್ಮನ ನೆನಪಾಗಿ ಅತ್ತಾಗ ಕಣ್ಣೊರೆಸಿದವಳು.

"ಅಕ್ಕಾ, ಒಂದು ತಂಬಿಗೆ ಗಂಜಿಗೆ ಮಜ್ಜಿಗೆ ಎಷ್ಟು?"

"ನಾಕು ತಂಬಿಗಿ ಹಾಕವಾ. ಹೊಲದಾಗ ಬಿಸಲಿಗಿ ಗಟ್ಟಿ ಆಗ್ತದ."

ನಂಬಿದೆ. ತೆಳ್ಳಗೆ ಕಂಡರೂ, ಇಲ್ಲಿಯ ರೂಢಿ ನನಗೇನು ಗೊತ್ತು ಎಂದು ಹಾಗೇ ಮಡಕೆಗೆ ಸುರಿದೆ.

ಹುಮನಾಬಾದಿನ ಹತ್ತಿರದ ಹುಡಗಿ ಎಂಬ ಊರಿನ ನಮ್ಮ ಹೊಲದಲ್ಲಿ ಭೂತಾಯಿಗೆ ಚರಗವೆಂದು ಎಡೆಯನ್ನು ಸುತ್ತಲೂ ಚೆಲ್ಲಿ ಎಲ್ಲರೂ ಊಟಕ್ಕೆ ಕುಳಿತರು. ಗಿಲಾಸಿನ ತಳದಲ್ಲಿ ಗಂಜಿ, ಮೇಲೆ ಬರೀ ನೀರು. ಗಂಡನ ಸೋದರಮಾವ ಒಂದು ಗುಟುಕು ಕುಡಿದು, "ಇದೇನ್ ಅಂಬಲಿನೋ, ಕೈ ತೊಳ್ಯಾಕ ಕೊಟ್ಟೀರೋ?" ಎಂದರು. ಎಲ್ಲರೂ ನಕ್ಕರು. ನಾನು ಅಕ್ಕನ ಮುಖ ನೋಡಿದೆ. ಅವಳು ಭಜ್ಜಿ ಬಡಿಸುತ್ತಲೇ ಅತ್ತೆಗೆ ಹೇಳಿದಳು: "ಒಂದಕ್ಕ ಒಂದೇ ಅಂತ ಹೇಳೀನ್ರಿ. ಆಕಿ ಕೇಳಬೇಕಲ್ಲ, ಸಾಲಿ ಕಲ್ತಾಕಿ!"

ಬೈದಿದ್ದರೆ ಸಹಿಸುತ್ತಿದ್ದೆ. ಆ ಕೆಲಸ ತನಗೇ ಬೇಕು ಎಂದಿದ್ದರೆ ನಾನೇ ಬಿಟ್ಟುಕೊಡುತ್ತಿದ್ದೆ. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ ತಾನೆ? ಗಂಡ ನನ್ನ ಪರ ವಹಿಸುವುದು ಬಿಟ್ಟು ಎರಡನೇ ಗಿಲಾಸು ಕುಡಿದ. ಅದಕ್ಕೂ ನನಗೆ ಉರಿಯಿತು.

ಮರುವರ್ಷದಿಂದ ಮಡಕೆ ಮತ್ತೆ ಅಕ್ಕನ ಕೈಗೆ ಹೋಯಿತು. ಅವಳು ಬೆರೆಸುವುದನ್ನು ದೂರದಿಂದ ನೋಡಿಯೇ ಕಲಿತೆ: ಸಮಸಮ, ಮೇಲೊಂದು ಬೊಗಸೆ ಮಜ್ಜಿಗೆ. ಈಗಲೂ "ಬಾರ ತಂಗೀ" ಎಂದು ಬಾಯ್ತುಂಬ ಕರೆಯುತ್ತಾಳೆ. ಹೋಗುತ್ತೇನೆ, ಆದರೆ ಏನನ್ನೂ ಕೇಳುವುದಿಲ್ಲ.

ಮಂಡ್ಯಕ್ಕೆ ಹೋದಾಗ ಅಮ್ಮ, "ನಿಮ್ಮೂರ್ ಜೋಳದಂಬ್ಲಿ ಮಾಡ್ಕೊಡವ್ವ" ಎನ್ನುತ್ತಾಳೆ. ಮಾಡುತ್ತೇನೆ. ಎಲ್ಲರೂ ಚಪ್ಪರಿಸಿ ಕುಡಿಯುತ್ತಾರೆ. ಹುಮನಾಬಾದು ನನ್ನೂರಂತೆ! ಆ ಊರಲ್ಲಿ ನನಗಿನ್ನೂ ಮಡಕೆ ಮುಟ್ಟಲು ಕೊಟ್ಟಿಲ್ಲ ಎಂದು ಅಮ್ಮನಿಗೆ ಹೇಳಿಲ್ಲ.