ಸಂಗನಬಸಪ್ಪನವರ ಗೇಣು

ಎಪ್ಪತ್ತೊಂದು ವರ್ಷದ ಮನುಷ್ಯ. ಎರಡೂ ಮೊಣಕಾಲು ಬಾತುಕೊಂಡಿವೆ. ಹುಟ್ಟಿದಾಗಿನಿಂದ ಮೀನು ಬಾಯಿಗಿಟ್ಟವರಲ್ಲ. ಅಂಥವರು ಬೆಳಿಗ್ಗೆ ಎಂಟಕ್ಕೆ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಒಂದು ಕಂದು ಸೂಟ್‌ಕೇಸ್ ಹಿಡಿದು ಶಿವಾಜಿನಗರದ ಬಸ್ಸಿಗೆ ಕಾಯುತ್ತಾರೆ ಅಂದರೆ, ಯಾಕೆ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಿದವರಿಗೆ ಸಂಗನಬಸಪ್ಪನವರು ಮುಚ್ಚುಮರೆ ಇಲ್ಲದೆ, ಸಮುದ್ರ ಉಳಸಾಕ ಹೊಂಟೀನ್ರಿ ಅಂತ ಹೇಳಿಬಿಡುತ್ತಿದ್ದರು. ಕೇಳಿದವರು ಒಂದು ಸಲ ಮೇಲಿಂದ ಕೆಳಗೆ ನೋಡಿ ಆಮೇಲೆ ಫೋನು ನೋಡಿಕೊಳ್ಳುತ್ತಿದ್ದರು. ಅವರದ್ದೂ ತಪ್ಪಲ್ಲ ಬಿಡಿ. ಅವರ ಮನೆಯಿರುವ ಕೆ.ಆರ್. ಪುರಕ್ಕೂ ಸಮುದ್ರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? ಕಣ್ಣೆದುರಿನ ಕೆರೆಯನ್ನೇ ಉಳಿಸಿಕೊಳ್ಳಲಾಗದ ಜನ ನಾವು.

ಮೆಟ್ರೋದಲ್ಲಿ ಹೋಗಬಹುದಿತ್ತು. ಆದರೆ ಸೂಟ್‌ಕೇಸ್ ಮಷೀನಿನೊಳಗೆ ಹೋದ ಕೂಡಲೇ ಸೆಕ್ಯುರಿಟಿಯವರು ತೆಗೆಸಿ ನೋಡುತ್ತಿದ್ದರು. ಒಳಗೆ ಶಂಖ, ಕಪ್ಪೆಚಿಪ್ಪು, ಒಣಗಿದ ನಕ್ಷತ್ರಮೀನು, ಹರಿದ ಬಲೆಯ ಒಂದು ತುಂಡು, ಬಟ್ಟೆಯ ಮೇಲೆ ಬರೆಸಿದ ದೊಡ್ಡ ಚಾರ್ಟು. ಇದೇನು, ಯಾಕೆ, ಎಲ್ಲಿಗೆ ಅಂತ ವಿಚಾರಣೆ ನಡೆಯುವಾಗ ಹಿಂದಿನ ಸಾಲಿನವರು ಗೊಣಗುತ್ತಿದ್ದರು. ಇದರ ಸಹವಾಸವೇ ಬೇಡ ಅಂತ ಅವರು ಬಸ್ಸಿಗೇ ಒಗ್ಗಿಕೊಂಡರು.

ಅವರು ಮುದ್ದೇಬಿಹಾಳದ ಕಡೆಯವರು. ಎದೆಯ ಮೇಲೆ ಲಿಂಗ, ಹಣೆಗೆ ವಿಭೂತಿ. ಅಂಚೆ ಇಲಾಖೆಯಲ್ಲಿ ಕೆಲಸ ಸಿಕ್ಕು ಮೊದಲು ಹಾಕಿದ್ದು ಕಾರವಾರಕ್ಕೆ. ಇಪ್ಪತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಸಮುದ್ರ ಕಂಡವರು, ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ದಂಡೆಗೆ ಹೋಗಿ, ಊಟವನ್ನೂ ಮರೆತು ನಿಂತುಬಿಟ್ಟರು. ಇಷ್ಟು ನೀರು ಸುಮ್ಮನೆ ಬಿದ್ದಿದೆಯಲ್ಲ ಅಂತ ಅವರಿಗೆ ಅಳು ಬಂತಂತೆ. ಬರದ ನಾಡಿನವರಿಗೆ ಮಾತ್ರ ಆ ಅಳು ಅರ್ಥವಾಗುತ್ತದೆ. ಅಲ್ಲಿ ಇದ್ದ ಆರು ವರ್ಷವೂ ಮನಿಯಾರ್ಡರ್ ಬಿಡಿಸಿಕೊಳ್ಳಲು ಒಬ್ಬ ಮೀನುಗಾರ ಮುದುಕಿ ಬರುತ್ತಿದ್ದಳು. ಬಂದಾಗಲೆಲ್ಲ ಒಂದೇ ಹಾಡು: ಸಮುದ್ರ ಬರಿದಾಗ್ತಾ ಇದೆ ಸಾಹೇಬ್ರೆ, ಮರಿ ದೊಡ್ಡದಾಗೋಕೆ ಯಾರೂ ಬಿಡೋದಿಲ್ಲ. ಮಿಕ್ಕವರು ನಕ್ಕು ಸುಮ್ಮನಾದರು. ಸಂಗನಬಸಪ್ಪನವರಿಗೆ ಮಾತ್ರ ಆ ಮಾತು ಹೊಟ್ಟೆಯಲ್ಲಿ ಇಳಿದು ಕೂತಿತು.

ಆಮೇಲೆ ವರ್ಗವಾಗಿ ಬಂದು, ಹಲಸೂರಿನ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂದಲು ಬೆಳ್ಳಗಾಯಿತು. ರಿಟೈರಾದ ಮಾರನೇ ತಿಂಗಳಿಂದಲೇ ಶುರು. ಕಾಕ್ಸ್ ಟೌನು, ರಿಚರ್ಡ್ಸ್ ಟೌನು, ಶಿವಾಜಿನಗರ, ಹಲಸೂರು, ಅಂತ ಶಾಲೆ ಶಾಲೆ ಸುತ್ತಿ ಮಕ್ಕಳಿಗೆ ಸಮುದ್ರದ ಕಥೆ ಹೇಳುವುದು. ಹನ್ನೊಂದು ವರ್ಷ, ಎಂಬತ್ತನಾಲ್ಕು ಶಾಲೆ. ಕೊಡುತ್ತಿದ್ದ ಹೊತ್ತು ಎಷ್ಟು? ಡ್ರಿಲ್ ಮಾಸ್ಟರ್ ಬರದ ದಿನ ಅರ್ಧ ಗಂಟೆ, ಬಂದ ದಿನ ಹತ್ತು ನಿಮಿಷ. ಮಕ್ಕಳು ಶಂಖ ಕಿವಿಗಿಟ್ಟುಕೊಂಡು ಹೋ ಅನ್ನುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು, ಬೆಲ್ಲು ಹೊಡೆದ ಕೂಡಲೇ ಓಡುತ್ತಿದ್ದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತಲ್ಲ ಅಂತ ಬಸ್ಸಿನ ಕಿಟಕಿಗೆ ತಲೆ ಆನಿಸಿ ಎಷ್ಟು ಸಲ ಅಂದುಕೊಂಡಿದ್ದಾರೋ ಲೆಕ್ಕವಿಲ್ಲ.

ಹೆಂಡತಿ ಕಮಲವ್ವನದು ಒಂದೇ ಶರತ್ತು. ಚಿಪ್ಪು ಶಂಖ ಏನಿದ್ದರೂ ಬಾಲ್ಕನಿಯಲ್ಲಿ ಇರಲಿ, ಮೀನಿನ ವಾಸನೆ ಮಾತ್ರ ಹೊಸ್ತಿಲು ದಾಟಬಾರದು. ಈ ವರ್ಷ ಇನ್ನೊಂದು ಸೇರಿತ್ತು. ಮೊಣಕಾಲಿನ ಆಪರೇಷನ್ನು ಎರಡು ಸಲ ಮುಂದೆ ಹಾಕಿದ್ದಾಗಿತ್ತು, ಮೂರನೇ ದಿನಾಂಕ ದಸರೆ ಆದ ಮೇಲೆ. ಅಷ್ಟರೊಳಗೆ ಈ ತಿರುಗಾಟ ನಿಲ್ಲಬೇಕು ಅಂತ ಆಕೆ ಹಟ ಹಿಡಿದಿದ್ದಳು. ಸಂಗನಬಸಪ್ಪನವರಿಗೂ ಸಾಕಾಗಿತ್ತು. ಆದರೆ ಬರಿಗೈಯಲ್ಲಿ ನಿಲ್ಲಿಸಲು ಮನಸ್ಸು ಒಪ್ಪಬೇಕಲ್ಲ.

"ಒಂದ ಒಂದು ಮನ್ಯಾಗ ನನ್ನ ಮಾತಿನಿಂದ ಏನರ ಬದಲಾಗೇತಿ ಅಂತ ಕಿವಿಗೆ ಬಿದ್ರ ಸಾಕು," ಅಂದರು ಒಂದು ದಿನ. "ಪೆಟಗಿ ಅಟ್ಟಕ್ಕ ಹಾಕಿಬಿಡ್ತೀನಿ."

ಆಗಸ್ಟಿನಲ್ಲಿ ಶಿವಾಜಿನಗರದ ಒಂದು ಶಾಲೆಗೆ ಹೋಗಿದ್ದರು. ಐದನೇ ಕ್ಲಾಸಿನ ರಿಮ್ಶಾ ಅನ್ನೋ ಹುಡುಗಿ ಕೈ ಎತ್ತಿ, ಮಾರ್ಕೆಟ್ಟಿನಲ್ಲಿರೋ ಮೀನು ಮರಿಯೋ ದೊಡ್ಡದೋ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದಳು. ಈ ಪ್ರಶ್ನೆ ಅವರಿಗೆ ಹೊಸದೇನಲ್ಲ. ಚಾರ್ಟಿನ ಮೂಲೆಯಲ್ಲೇ ಒಂದು ಕೈ ಬರೆಸಿದ್ದರು, ಹೆಬ್ಬೆರಳಿಂದ ಕಿರುಬೆರಳಿಗೆ ಚಾಚಿದ ಗೇಣು. ಅದನ್ನು ತೋರಿಸಿ, ಗೇಣಿಗಿಂತ ಚಿಕ್ಕದಿದ್ದರೆ ಮರಿ, ಅಮ್ಮನಿಗೆ ತಗೋಬೇಡ ಅನ್ನು, ಗೇಣು ದಾಟಿದ್ದರೆ ಚಿಂತೆಯಿಲ್ಲ ಅಂದರು. ಎಂಬತ್ತನಾಲ್ಕು ಶಾಲೆಯಲ್ಲೂ ಹೇಳಿದ್ದು ಇದನ್ನೇ. ಮಕ್ಕಳಿಗೆ ನೆನಪಿರಬೇಕಲ್ಲ, ಸುಲಭವಾಗಿರಲಿ ಅಂತ.

ಮೂರು ವಾರ ಕಳೆದು ಆ ಶಾಲೆಯ ಟೀಚರ್ ಸುಜಾತಾ ಫೋನ್ ಮಾಡಿದರು. ರಿಮ್ಶಾಳ ಅಜ್ಜಿ ಖುರ್ಷೀದಾ ಮೀನು ಮಾರ್ಕೆಟ್ಟಿನಲ್ಲಿ ಕೂತು ಗಿರಾಕಿಗಳಿಗೆ ಮೀನು ಹೆಚ್ಚಿಕೊಡುವವರಂತೆ. ನಿಮ್ಮ ಪಾಠ ಕೇಳಿ ಮಕ್ಕಳೆಲ್ಲ ಮನೆಯಲ್ಲಿ ಹಟ ಮಾಡಿದ್ದಾರೆ ಸರ್, ಬೀದಿ ಬೀದಿಯೇ ಈಗ ಗೇಣು ಹಾಕಿ ಮೀನು ತಗೊಳ್ತಾ ಇದೆ, ಅಜ್ಜಿ ನಿಮ್ಮನ್ನ ನೋಡಬೇಕಂತೆ ಅಂದರು. ಫೋನಿಟ್ಟ ಸಂಗನಬಸಪ್ಪನವರು ಹೆಂಡತಿಯನ್ನು ಕೂಗಿ ಹೇಳಿದರು. ಒಂದು ಮನೆ ಕೇಳಿದವರಿಗೆ ಒಂದು ಬೀದಿಯೇ ಸಿಕ್ಕಿತ್ತು. ಕಮಲವ್ವ ಅವತ್ತು ಸಿಹಿಗೆ ಅಂತ ಮಾದಲಿ ಮಾಡಿದಳು.

ಮಾರನೇ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು. ಹನ್ನೊಂದು ವರ್ಷ ಆ ಮಾರ್ಕೆಟ್ಟಿನ ಪಕ್ಕದಲ್ಲೇ ಬಸ್ಸಿಳಿದಿದ್ದರೂ ಒಳಗೆ ಕಾಲಿಟ್ಟವರಲ್ಲ. ವಾಸನೆ ಮೂಗಿಗೆ ಹೊಡೆದಾಗ ಕರ್ಚೀಫು ತೆಗೆದರು, ಆಮೇಲೆ ನಾಚಿಕೆಯಾಗಿ ಜೇಬಿಗೆ ಹಾಕಿಕೊಂಡರು. ಕಾಲಡಿ ಐಸು ಕರಗಿದ ನೀರು, ತಲೆ ಮೇಲೆ ಹಳದಿ ಬಲ್ಬು. ಖುರ್ಷೀದಾ ಈಳಿಗೆಯ ಮುಂದೆ ಗೋಣಿಚೀಲದ ಮೇಲೆ ಕೂತಿದ್ದರು. ಅರವತ್ತು ದಾಟಿರಬೇಕು. ಕೈ ತುಂಬ ಮೀನಿನ ಹುರುಪೆ, ಮುಖದ ತುಂಬ ದಣಿವು. ಪಕ್ಕದ ಸ್ಟೂಲು ತೋರಿಸಿ ಕೂತ್ಕೊಳ್ಳಿ ಅಂದರು. ಹೊಗಳಿಕೆ ಈಗ ಬರುತ್ತೆ ಅಂತ ಇವರು ಕೈಕಟ್ಟಿ ಕೂತರು.

"ನಿಮ್ಮ ಮಾತು ಕೇಳಿದ್ರು ಸಾಬ್," ಅಂದರು ಖುರ್ಷೀದಾ. "ಎಲ್ರೂ ಕೇಳಿದ್ರು. ಅದೇ ಈಗ ತೊಂದ್ರೆ."

ಎದುರಿನ ಅಂಗಡಿಯ ಕಡೆ ಕೈ ತೋರಿಸಿದರು. ಭೂತಾಯಿ ಬುಟ್ಟಿ ಬುಟ್ಟಿ ಹಾಗೇ ಬಿದ್ದಿತ್ತು, ಕಂಟೋನ್ಮೆಂಟಿನವರು ಮತ್ತಿ ಅನ್ನೋ ಅದೇ ಮೀನು. ಗೇಣಿಗೆ ಬರಲಿಲ್ಲ ಅಂತ ಹೆಂಗಸರು ವಾಪಸ್ ಹಾಕಿ ಹೋಗುತ್ತಿದ್ದರಂತೆ. ಅದರ ಬದಲು ಎರಡು ಗೇಣಿನ ಅಂಜಲ್ ಮೀನಿಗೆ ಮುಗಿಬೀಳುತ್ತಿದ್ದರಂತೆ. ನೋಡೋಕೆ ದೊಡ್ಡದು, ಮಕ್ಕಳೂ ಒಪ್ಪುತ್ತಾರೆ. ಗಿರಾಕಿ ಇದೆ ಅಂತ ಗೊತ್ತಾದ ಮೇಲೆ ಅಂಗಡಿಯವನು ಅಂಥದ್ದನ್ನೇ ಪೆಟ್ಟಿಗೆಗಟ್ಟಲೆ ತರಿಸಿದ್ದ.

ಖುರ್ಷೀದಾ ವಾದ ಮಾಡಲಿಲ್ಲ. ಒಂದು ಭೂತಾಯಿ ಎತ್ತಿಕೊಂಡು ಹೊಟ್ಟೆ ಸೀಳಿ ಇವರ ಮುಂದೆ ಹಿಡಿದರು. ಅಂಗೈಯುದ್ದದ ಮೀನು, ಒಳಗೆಲ್ಲ ಹಳದಿ ಮೊಟ್ಟೆ. ಆಮೇಲೆ ಎರಡು ಗೇಣಿನ ಅಂಜಲ್ ಸೀಳಿದರು. ಮೊಟ್ಟೆಯ ಸುಳಿವೇ ಇಲ್ಲ.

"ಇದು ಮೊಮ್ಮಕ್ಕಳನ್ನ ಕಂಡ ಅಜ್ಜಿ. ಇದು ಹಾಲು ಕುಡಿಯೋ ಕೂಸು," ಅಂದರು ಒಂದೊಂದನ್ನೇ ಮುಟ್ಟಿ. "ಅಂಜಲ್ ಮೂರು ಗೇಣು ದಾಟಿ ಮೇಲೆ ಬೆಳೀಬೇಕು ಸಾಬ್, ಆಮೇಲೆ ಮೊಟ್ಟೆ. ಮೂವತ್ತು ವರ್ಷದಿಂದ ಹೊಟ್ಟೆ ಸೀಳ್ತಾ ಇದೀನಿ. ಒಂದೊಂದು ಮೀನಿಗೆ ಒಂದೊಂದು ಅಳತೆ. ಎಲ್ಲದಕ್ಕೂ ನಿಮ್ಮ ಒಂದೇ ಗೇಣು ಹಾಕಿದ್ರೆ ಹೇಗೆ?"

ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗೆ ಅಂತಾರಲ್ಲ, ಅದೇ ಆಗಿತ್ತು. ಮೀನು ತಿನ್ನುವವರ ಮನೆಯಲ್ಲಿ ಮೂರು ವರ್ಷದ ಮಗುವಿಗೂ ಗೊತ್ತಿರೋ ಸಂಗತಿ, ಭೂತಾಯಿ ಅಷ್ಟೇ ದೊಡ್ಡದಾಗೋದು ಅಂತ. ಆದರೆ ಮೇಷ್ಟರ ಹಾಗೆ ಬಂದವರು, ಚಾರ್ಟು ಬರೆಸಿದವರು ಹೇಳಿದ್ದಾರೆ ಅಂದ ಮೇಲೆ ಹೆಂಗಸರು ತಮ್ಮ ತಿಳಿವಳಿಕೆಯನ್ನು ಪಕ್ಕಕ್ಕಿಟ್ಟಿದ್ದರು. ಹನ್ನೊಂದು ವರ್ಷ ಯಾರೂ ತಮ್ಮ ಮಾತು ಕೇಳಲಿಲ್ಲ ಅಂತ ನೊಂದಿದ್ದ ಮನುಷ್ಯನಿಗೆ, ಕೇಳದೇ ಇದ್ದಿದ್ದರೇ ಚೆನ್ನಾಗಿತ್ತಲ್ಲ ಅನ್ನಿಸಿದ್ದು ಅವತ್ತು. ಕಾರವಾರದ ಆ ಮುದುಕಿಯನ್ನು ನೆನೆದು ಕಣ್ಣು ತುಂಬಿ ಬಂತು.

ಕಣ್ಣೊರೆಸಿಕೊಂಡು ಲಿಂಗವನ್ನು ಬನಿಯನ್ನಿನೊಳಗೆ ಸರಿಸಿಕೊಂಡರು. ತೋಳು ಮಡಚಿದರು. ಮುಟ್ಟಲೋ ಬೇಡವೋ ಅಂತ ಕೈ ಒಂದು ಸಲ ಹಿಂದೆ ಬಂತು, ಆಮೇಲೆ ಆ ಅಂಜಲ್ ಮರಿಯ ಮೇಲೆ ಗೇಣು ಊರಿತು. ತಣ್ಣಗಿತ್ತು, ಜಾರುತ್ತಿತ್ತು. ಸಮುದ್ರಕ್ಕಾಗಿ ಇಷ್ಟು ವರ್ಷ ಮಾತಾಡಿದವರು ಸಮುದ್ರದ ಮೀನೊಂದನ್ನು ಮುಟ್ಟಿದ್ದು ಅದೇ ಮೊದಲು.

"ಎಲ್ಲಾ ಮೀನಿನ ಅಳತೀನೂ ಹೇಳ್ರಿ ಅಕ್ಕಾರ," ಅಂದರು. "ಬರ್ಕೊಂತೀನಿ."

ಮನೆಗೆ ಬಂದಾಗ ಬಾಗಿಲು ತೆಗೆದ ಕಮಲವ್ವನಿಗೆ ಮೊದಲು ಬಂದದ್ದು ವಾಸನೆ, ಆಮೇಲೆ ಕಂಡದ್ದು ಗಂಡನ ಮುಖ. ಹೊಸ್ತಿಲಾಚೆಯೇ ನಿಂತು ಎಲ್ಲ ಹೇಳಿದರು. ಆಕೆ ಬೈಯಲಿಲ್ಲ. ಚೊಂಬಿನಲ್ಲಿ ಬಿಸಿನೀರು, ಸೀಗೆಪುಡಿ ತಂದು ಅಲ್ಲೇ ಕೈ ತೊಳೆಸಿದಳು. ಎರಡು ಸಲ ತೊಳೆದರೂ ಹೋಗಲಿಲ್ಲ. ಹೋಗ್ಲಿ ಬಿಡ್ರಿ, ಒಳಗ ಬರ್ರಿ ಅಂದಳು. ಐವತ್ತು ವರ್ಷದ ಸಂಸಾರದಲ್ಲಿ ಆ ಹೊಸ್ತಿಲಿನ ಶರತ್ತು ಸಡಿಲವಾದದ್ದು ಅದೊಂದೇ ಸಲ.

ಆ ದಿನ ಅವರು ಊಟ ಸೇರದೆ ಬಾಲ್ಕನಿಯಲ್ಲಿ ಕೂತರು. ಮಾತು ಮುಗಿಸಿ ಅಟ್ಟಕ್ಕೆ ಹಾಕಬಹುದಿತ್ತು ಸೂಟ್‌ಕೇಸನ್ನು, ಯಾರು ಕೇಳುತ್ತಿದ್ದರು? ಆದರೆ ತಪ್ಪು ಮಾತೂ ಸೂಟ್‌ಕೇಸಿನ ಜೊತೆ ಅಟ್ಟಕ್ಕೆ ಹೋಗುವುದಿಲ್ಲವಲ್ಲ. ಅದು ಎಂಬತ್ತನಾಲ್ಕು ಶಾಲೆಯ ಮಕ್ಕಳ ಬಾಯಲ್ಲಿತ್ತು. ಕಮಲವ್ವ ಅವರು ಬರೆದು ತಂದ ಚೀಟಿ ಓದಿದಳು. ಒಳಗೆ ಹೋಗಿ ಹಳೆಯ ಇಳಕಲ್ ಸೀರೆಯೊಂದರ ಅಂಚು ಕತ್ತರಿಸಿ ತಂದು, ಚೀಟಿಯ ಪ್ರಕಾರ ಅಳೆದು ತುಂಡು ಮಾಡತೊಡಗಿದಳು. ಭೂತಾಯಿಗೆ ಅಂಗೈಯಷ್ಟು. ಬಂಗುಡೆಗೆ ಸ್ವಲ್ಪ ಉದ್ದ. ಅಂಜಲಿಗೆ ತನ್ನ ತೋಳಿಗಿಂತ ಉದ್ದ. ಒಂದೊಂದರ ಮೇಲೂ ಸೂಜಿ ದಾರದಲ್ಲಿ ಮೀನಿನ ಹೆಸರು ಹೊಲಿದಳು. ಬಾಯಿಗೆ ತಗೊಳ್ಳದ ಹೆಸರುಗಳನ್ನು ಕೈಯಲ್ಲಿ ಹೊಲಿಯುತ್ತಾ ಕೂತಿದ್ದವಳಿಗೆ ಇವರು ದೀಪ ಹಾಕಿಕೊಟ್ಟರು.

ಸೋಮವಾರ ಸುಜಾತಾ ಟೀಚರು ಹತ್ತು ನಿಮಿಷ ಬಿಟ್ಟುಕೊಟ್ಟರು. ಈ ಸಲ ಕಮಲವ್ವನೂ ಬಂದಿದ್ದಳು, ಹಿಂದಿನ ಬೆಂಚಿನಲ್ಲಿ ಸೂಟ್‌ಕೇಸ್ ಹಿಡಿದು ಕೂತಿದ್ದಳು. ಸಂಗನಬಸಪ್ಪನವರು ಚಾರ್ಟು ಬಿಚ್ಚಿ, ಮೂಲೆಯಲ್ಲಿದ್ದ ಗೇಣಿನ ಮೇಲೆ ಕಪ್ಪು ಪೆನ್ನಿನಲ್ಲಿ ಅಡ್ಡಗೀಟು ಎಳೆದರು. ನಾ ನಿಮಗ ತಪ್ಪು ಹೇಳಿದ್ದೆ ಅಂದರು. ಮೀನು ತಿಂದವನಲ್ಲ, ಮುಟ್ಟಿದವನಲ್ಲ, ಕೇಳಿ ತಿಳಕೊಳ್ಳಲೂ ಇಲ್ಲ ಅಂದರು. ದೊಡ್ಡವರು ಹೀಗೆ ಹೇಳಿದ್ದು ಆ ಮಕ್ಕಳು ಕೇಳಿರಲಿಲ್ಲವೋ ಏನೋ, ಮುಂದಿನ ಸಾಲಿನವರು ಆ ಅಡ್ಡಗೀಟನ್ನೇ ಬಗ್ಗಿ ನೋಡಿದರು. ಅಂಜಲಿನ ಅಳತೆಯ ಸೀರೆಯಂಚನ್ನು ರಿಮ್ಶಾಳ ಕೈಗೆ ಕೊಟ್ಟರು. ಅವಳು ಒಂದು ತುದಿಯನ್ನು ಭುಜಕ್ಕೆ ಹಿಡಿದಳು, ಇನ್ನೊಂದು ತುದಿ ಬೆರಳು ದಾಟಿ ಕೆಳಗೆ ಜೋತಾಡಿತು. ಅವಳು ಅದನ್ನೇ ನೋಡಿ ಕೇಳಿದಳು:

"ಹಾಗಾದ್ರೆ ನೀವು ಮೊದಲು ಹೋಗಿದ್ರಲ್ಲ, ಬೇರೆ ಸ್ಕೂಲುಗಳು, ಅವ್ರಿಗೆಲ್ಲ ಯಾರು ಹೇಳ್ತಾರೆ ಸರ್?"

ಇವರಿಗೆ ಉತ್ತರ ಗೊತ್ತಿತ್ತು. ಆದರೆ ಮೊಣಕಾಲು ಎಳೆಯುತ್ತಿತ್ತು, ದಸರೆಯ ದಿನಾಂಕ ಕಣ್ಣ ಮುಂದಿತ್ತು. ಮೇಜಿಗೆ ಕೈ ಊರಿ ಹಿಂದಿನ ಬೆಂಚಿನ ಕಡೆ ನೋಡಿದರು. ಕಮಲವ್ವ ಎದ್ದು ನಿಂತಿದ್ದಳು.

"ಇವರ ಹೇಳ್ತಾರವಾ," ಅಂದಳು ಹುಡುಗಿಗೆ. "ಪೆಟಗಿ ನಾ ಹಿಡೀತೀನಿ."

ಮುಂದಿನ ಶಾಲೆ ರಿಚರ್ಡ್ಸ್ ಟೌನಿನಲ್ಲಿತ್ತು. ಬಸ್ ಸ್ಟಾಪಿನವರೆಗೆ ಅವರು ಎರಡು ಕಡೆ ಕೂತು ಸುಧಾರಿಸಿಕೊಂಡರು, ಆಕೆ ಎರಡೂ ಕಡೆ ಸೂಟ್‌ಕೇಸ್ ಕೆಳಗಿಡದೆ ಕಾದಳು.