ತಾಂಡಾದ ರೋಗ, ಊರಿನ ಉಷ್ಣ

ಎಂಬತ್ತರ ದಶಕದ ಆರಂಭದಲ್ಲಿ ನಾನು ನರ್ಸಾಗಿ ಸೇರಿದ್ದು ಆಳಂದ ತಾಲೂಕಿನಲ್ಲಿ, ಮಟಕಿ ಗ್ರಾಮ ದಾಟಿ ಹೋದರೆ ಸಿಗುವ ಒಂದು ಊರಿನ ದವಾಖಾನೆಗೆ. ಗಂಡು ಹೆಣ್ಣಿನ ಸಂಗದಿಂದ ಅಂಟುವ ರೋಗಕ್ಕೆ ಅಲ್ಲಿ ಆಳು ನೋಡಿ ಹೆಸರಿಡುತ್ತಿದ್ದರು. ಊರಿನ ಗಂಡಸಿಗೆ ಬಂದರೆ ಅದು ಉಷ್ಣ, ಮಾವಿನಹಣ್ಣು ಹೆಚ್ಚು ತಿಂದದ್ದರ ಫಲ. ಅವನ ಹೆಂಡತಿಗೆ ಬಂದರೆ ಹಿಂದಿನ ಜನ್ಮದ ಕರ್ಮ. ಊರಾಚೆಯ ದಿಬ್ಬದ ಮೇಲಿನ ಲಂಬಾಣಿ ತಾಂಡಾದಲ್ಲಿ ಯಾರಿಗಾದರೂ ಬಂದರೆ ಮಾತ್ರ ಅದಕ್ಕೆ ರೋಗವೆಂಬ ಮರ್ಯಾದೆ ಸಿಗುತ್ತಿತ್ತು.

ಹೀಗಾಗಿ ಜಿಲ್ಲೆಯ ಮೇಲಧಿಕಾರಿಗಳು ಗುಪ್ತರೋಗ ತಪಾಸಣಾ ಶಿಬಿರವನ್ನು ತಾಂಡಾದಲ್ಲೇ ಇಟ್ಟರು. ಗುಪ್ತ ಎಂದರೇನೆಂದು ಅವರಿಗೆ ಯಾರೂ ಹೇಳಿರಲಿಲ್ಲವೇನೋ. ಹಿಂದಿನ ದಿನವೇ ಜೀಪಿಗೆ ಮೈಕು ಕಟ್ಟಿ, ಗುಪ್ತರೋಗ ಇದ್ದವರೆಲ್ಲ ಸಾಲಾಗಿ ಬಂದು ನಿಲ್ಲಬೇಕೆಂದು ಸುತ್ತಲ ಊರಿಗೆಲ್ಲ ಕೇಳುವಂತೆ ಕೂಗಿಸಿದರು. ಮರುದಿನ ನಾವು ಹೋದಾಗ ನಮ್ಮನ್ನು ಎದುರುಗೊಂಡದ್ದು ಆಡುಗಳು. ತಾಂಡಾದ ನಾಯಕ ಮನೆಮನೆಗೆ ಹೋಗಿ ಕರೆದ ಮೇಲೆ ಒಂದಿಷ್ಟು ಜನ ಮುಖ ಗಂಟಿಕ್ಕಿಕೊಂಡು ಬಂದು ಬೇವಿನ ನೆರಳಿಗೆ ಕೂತರು.

ಶಿಬಿರದ ಅಧ್ಯಕ್ಷತೆ ನಮ್ಮೂರ ಸಾಹುಕಾರರದು. ಹೊಲ, ಅಂಗಡಿ, ಹಣೆತುಂಬ ವಿಭೂತಿ, ಯಾವುದಕ್ಕೂ ಕೊರತೆಯಿರಲಿಲ್ಲ. ಶೀಲದ ಮೇಲೆ ಬಹಳ ಹೊತ್ತು ಮಾತಾಡಿ, ಕೊನೆಗೆ, "ಈ ರೋಗ ತಾಂಡಾದಾಗಿಂದ ಊರಿಗಿ ಬರ್ತದ. ನೀವು ಸುದ್ದ ಇದ್ರ ನಾವೂ ಸುದ್ದ ಇರ್ತೇವಿ" ಎಂದರು.

ಕನ್ನಡಿಚೂರಿನ ಲಂಗದ ಒಬ್ಬ ಹೆಂಗಸು ಕೂತಲ್ಲಿಂದಲೇ ಕೇಳಿದಳು: "ಸಾವಕಾರ್ರ, ರೋಗಕ್ಕ ಕಾಲು ಇರ್ತಾವೇನ್ರಿ? ತಾಂಡಾದಾಗಿಂದ ಊರಿಗಿ ಅದೇ ನಡಕೋತ ಬರ್ತದೋ, ಯಾರರ ಬಂದು ಒಯ್ತಾರೋ?"

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಸಾಹುಕಾರರು ಕೆಮ್ಮಿದರು. ಜಿಲ್ಲೆಯಿಂದ ಬಂದಿದ್ದ ಅಧಿಕಾರಿ ಚಹಾ ತರಿಸಿದರು. ಅಲ್ಲಿಗೆ ಶಿಬಿರ ಯಶಸ್ವಿಯಾಗಿ ಮುಗಿಯಿತು.

ಮುಂದಿನ ವಾರ ಆ ಹೆಂಗಸೇ ಗಂಡನನ್ನು ಮುಂದೆ ದಬ್ಬಿಕೊಂಡು ದವಾಖಾನೆಗೆ ಬಂದಳು. ರಕ್ತ ಪರೀಕ್ಷೆಯಲ್ಲಿ ಇಬ್ಬರಿಗೂ ರೋಗವಿರುವುದು ಗೊತ್ತಾಯಿತು. "ಸೊಲ್ಲಾಪುರದ ಕಡೀಗಿ ಕಬ್ಬು ಕಡಿಯಾಕ ಹೋಗಿದ್ದ ನರಸಬಾಯಿ. ಸಕ್ರಿ ತರ್ತಾನಂದ್ರ ಇದನ್ನ ತಂದಾನ" ಎಂದಳು. ಪೆನಿಸಿಲಿನ್ ಸೂಜಿಗೆ ಅವನು ಎಮ್ಮೆಯಂತೆ ಕೂಗಿಕೊಂಡ. ಅವಳು ಹಲ್ಲು ಕಚ್ಚಿ ಚುಚ್ಚಿಸಿಕೊಂಡು, ಅವನ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು.

ಕೆಲ ದಿನ ಕಳೆದು ಸಾಹುಕಾರರೂ ಬಂದರು. ಮಳೆಯಿಲ್ಲ, ಬಿಸಿಲಿಲ್ಲ, ಆದರೂ ಮುಖ ಮುಚ್ಚುವಷ್ಟು ಕೆಳಗೆ ಕೊಡೆ ಹಿಡಿದಿದ್ದರು. "ಸ್ವಲ್ಪ ಉಷ್ಣ ಆಗ್ಯಾದ್ರಿ ಡಾಕ್ಟರ" ಎಂದರು. ನಮ್ಮ ಡಾಕ್ಟರು ಚಿಕ್ಕ ವಯಸ್ಸಿನವರು, ಮಾವಿನಹಣ್ಣಿನ ಕಾಲ ಮುಗಿದಿದೆ ಎಂದು ನೆನಪಿಸಿದರು. ರಕ್ತದ ವರದಿ ಬಂದ ಮೇಲೆ ಸೂಜಿ ಕೊಟ್ಟು, ಮನೆಯವರನ್ನೂ ಕರೆತರಬೇಕು, ಅವರಿಗೂ ಅಂಟಿರುತ್ತದೆ ಎಂದರು.

"ನಮ್ಮ ಮನಿ ಹೆಣ್ಮಕ್ಕಳು ದವಾಖಾನಿ ಮೆಟ್ಟಲಾ ಹತ್ತಂಗಿಲ್ರಿ."

"ಹಂಗಾದ್ರ ಮನೀಗೇ ನರಸಬಾಯಿನ್ನ ಕಳಸ್ತೇನಿ" ಎಂದರು ಡಾಕ್ಟರು. ಸಾಹುಕಾರರು ಬೇಡವೆನ್ನಲು ಕಾರಣ ಹುಡುಕುವಷ್ಟರಲ್ಲಿ ನಾನು ಚೀಲ ಎತ್ತಿಕೊಂಡಿದ್ದೆ.

ಅವರ ಹೆಂಡತಿ ನನಗಿಂತ ಸ್ವಲ್ಪ ದೊಡ್ಡವಳು. ಹೊಟ್ಟೆಯಲ್ಲೇ ಕೂಸುಗಳು ಸತ್ತು ಹುಟ್ಟಿದ್ದವು. ಜಿಡಗಾದ ಮಠಕ್ಕೆ ಹರಕೆ, ಅತ್ತೆಯ ಬೈಗುಳ, ಗಂಡನಿಗೆ ಇನ್ನೊಂದು ಹೆಣ್ಣು ನೋಡುವ ಮಾತು, ಎಲ್ಲ ಆಗಿದ್ದವು. ಅತ್ತೆ ಬಾಗಿಲಲ್ಲೇ ನಿಂತು, "ಬಂಜರ ಹೊಲಕ್ಕ ಯಾವ ಗೊಬ್ಬರ ಹಾಕ್ತೀ ಬಾಯಿ?" ಎಂದು ಕೇಳಿದಳು. ನೀರು ತರಲು ಆಕೆಯನ್ನು ಒಳಗೆ ಕಳಿಸಿ, ಸೊಸೆಗೆ ರೋಗದ ಹೆಸರು ಹೇಳಿದೆ. ಇಬ್ಬರೂ ಔಷಧ ಮಾಡಿಸಿಕೊಳ್ಳಬೇಕು, ಕೂಸು ಸಾಯುವುದಕ್ಕೂ ಇದೇ ಕಾರಣವಾಗಿರಬಹುದು ಎಂದೆ.

ಅವಳು ಅಳಲಿಲ್ಲ. "ಇಷ್ಟು ವರ್ಷ ನನ್ನ ಹೊಟ್ಟೀಗಿ ಬೈದ್ರು. ನಾನೂ ಬೈಕೊಂಡೆ" ಎಂದಳು. ನಾನು ಸಿರಿಂಜು ತೆಗೆಯುತ್ತಿದ್ದಂತೆ ಕೈ ಅಡ್ಡ ಹಿಡಿದಳು. "ಇಲ್ಲಿ ಬ್ಯಾಡ. ಕಳ್ಳರಂಗ ಯಾಕ? ನಾನೇನು ಮಾಡೇನಿ? ದವಾಖಾನಿಗೇ ಬರ್ತೇನಿ."

ಮರುದಿನ ಬೆಳಿಗ್ಗೆ ಊರ ನಡುವಿನಿಂದ ನಡೆದೇ ಬಂದಳು. ಗಂಡ ಹಿಂದೆ ಹಿಂದೆ, "ಲೇ, ಮಂದಿ ನೋಡ್ತಾರ" ಎಂದು ಪಿಸುಗುಟ್ಟುತ್ತ ಬರುತ್ತಿದ್ದರು. ಹೊರಗಿನ ಬೆಂಚಿನಲ್ಲಿ ತಾಂಡಾದ ಹೆಂಗಸು ಮುಂದಿನ ಸೂಜಿಗೆ ಕಾಯುತ್ತ ಕೂತಿದ್ದಳು. ಸಾಹುಕಾರರನ್ನು ಕಂಡು ನಗು ತಡೆದು, ಬದಿಗೆ ಸರಿದು ಜಾಗ ಮಾಡಿದಳು.

"ಬರ್ರಿ ಅಕ್ಕೋರ, ಈಗೇ ಕುಂದರ್ರಿ. ಚುಚ್ಚಿದ ಮ್ಯಾಲ ಕುಂದ್ರಾಕ ಆಗಂಗಿಲ್ಲ."

ಸಾಹುಕಾರ್ತಿ ಫಕ್ಕನೆ ನಕ್ಕಳು. ನಕ್ಕು ಅವಳ ಪಕ್ಕಕ್ಕೇ ಕೂತಳು. ಆ ಮನೆಯವರು ತಾಂಡಾದವರ ಜೊತೆ ಒಂದೇ ಬೆಂಚಿನಲ್ಲಿ ಕೂತದ್ದನ್ನು ಊರು ಬಹಳ ದಿನ ಆಡಿಕೊಂಡಿತು. ಯಾತಕ್ಕಾಗಿ ಕೂತಿದ್ದರೆಂದು ಮಾತ್ರ ಯಾರೂ ಆಡಲಿಲ್ಲ. ಬಹಳ ಮನೆಗಳಲ್ಲಿ ಆ ವರ್ಷ ಉಷ್ಣ ಜಾಸ್ತಿಯಿತ್ತು.

ಚಿಕಿತ್ಸೆ ಪೂರ್ತಿಯಾದ ಮರುವರ್ಷ ಸಾಹುಕಾರ್ತಿಗೆ ಹೆಣ್ಣು ಕೂಸು ಹುಟ್ಟಿತು. ಹೆರಿಗೆ ಮಾಡಿಸಿದ್ದು ನಾನೇ. ಕೂಸು ಕಿರುಚಿದ ಸದ್ದಿಗೆ ಆ ಅತ್ತೆಯೂ ಕುಸಿದು ಕೂತು ಅತ್ತಳು. ಸಾಹುಕಾರರು ದವಾಖಾನೆಗೆಲ್ಲ ಪೇಡೆ ಹಂಚಿ, ಹರಕೆ ಫಲಿಸಿತೆಂದು ಕೈಮುಗಿದರು. ಕೊನೆಯದಾಗಿ ನನ್ನ ಹತ್ತಿರ ಬಂದು, ಪೇಡೆ ಕೈಗಿಡುತ್ತ, ದನಿ ತಗ್ಗಿಸಿ ಕೇಳಿದರು:

"ಬಾಯಿ, ಉಷ್ಣದ ಸೂಜಿ ನಮ್ಮ ತಮ್ಮಗೂ ಒಂದು ಬೇಕಾಗಿತ್ತಲ್ರಿ."

"ಕರಕೊಂಡು ಬರ್ರಿ" ಎಂದೆ. "ಹೆಂಡ್ತಿನ್ನೂ."